ಒಂದೇ ಹಾಡು, ಎರಡು ವೇದಿಕೆ

ಊರಿನವರೆಲ್ಲ ಅವನನ್ನು ಮೈಕಣ್ಣ ಎನ್ನುತ್ತಿದ್ದರು. ಮದುವೆಯಾಗಲಿ, ಭಾಷಣವಾಗಲಿ, ಮೈಕು ಹಾರ್ನು ಬೇಕೆಂದರೆ ಅವನ ಅಂಗಡಿಗೇ ಬರಬೇಕು. ಸುರುಳಿ ಸುತ್ತಿದ ವೈರು, ಬೆಸುಗೆಯ ಹೊಗೆ, ಸುಟ್ಟ ಫ್ಯೂಸುಗಳ ನಡುವೆಯೇ ಅವನ ತಲೆ ನೆರೆತಿತ್ತು. ನೀನು ಯಾವ ಪಕ್ಷ ಎಂದು ಯಾರಾದರೂ ಕೆಣಕಿದರೆ, "ಕರೆಂಟಿಗೆ ಪಕ್ಷ ಇಲ್ಲಪ್ಪ, ಮುಟ್ಟಿದೋರಿಗೆಲ್ಲ ಹೊಡೆಯುತ್ತೆ" ಎಂದು ನಗಿಸುತ್ತಿದ್ದ.

ಆ ಚುನಾವಣೆಯಾದ ಮೇಲೆ ನಗುವವರೇ ಇಲ್ಲವಾದರು. ಊರು ಇಬ್ಭಾಗವಾಯಿತು, ಟೀ ಅಂಗಡಿಯ ಬೆಂಚುಗಳೂ ಇಬ್ಭಾಗವಾದವು. ಅವನ ತಮ್ಮ ಒಂದು ಪಕ್ಷದ ಮುಂದಾಳು, ಅಳಿಯ ಇನ್ನೊಂದರವನು. ಒಬ್ಬ ಊಟಕ್ಕೆ ಕೂತರೆ ಇನ್ನೊಬ್ಬ ತಟ್ಟೆ ಬಿಟ್ಟು ಏಳುತ್ತಿದ್ದ. ಮಗಳು ತವರಿಗೆ ಬರುವುದನ್ನೇ ಬಿಟ್ಟಳು.

ಸ್ವಾತಂತ್ರ್ಯ ದಿನಕ್ಕೆ ಮೈದಾನದಲ್ಲಿ ಆ ವರ್ಷ ಎದುರುಬದುರು ಎರಡು ವೇದಿಕೆ ಎದ್ದವು. ಎರಡಕ್ಕೂ ಮೈಕು ಅವನದೇ. ತಮ್ಮ ಬಂದು, "ಅಣ್ಣಾ, ನಮ್ಮ ಕಡೆ ದೊಡ್ಡ ಹಾರ್ನ್ ಕಟ್ಟು" ಎಂದ. ಹಿಂದೆಯೇ ಅಳಿಯ ಬಂದ.

"ಮಾವ, ನಾವು ರಾಷ್ಟ್ರಗೀತೆ ಎತ್ತಿದ್ರೆ ಅವರದು ಕೇಳಿಸ್ಲೇಬಾರ್ದು. ಅಷ್ಟು ಸೌಂಡ್ ಕೊಡಿ."

"ಅವರು ಹಾಡೋದೂ ಅದೇ ಹಾಡಲ್ವೇನಪ್ಪಾ?"

"ಅವರ ಬಾಯಲ್ಲಿ ಅದು ಬೇರೆ ಹಾಡು ಮಾವ."

ಆ ಮಾತು ಎದೆಯಲ್ಲಿ ಮುಳ್ಳಾಗಿ ನಾಟಿತು. ಹೆಂಡತಿ ಬೇಡವೆಂದರೂ ಕೇಳದೆ, ಎರಡೂ ವೇದಿಕೆಯ ವೈರುಗಳನ್ನು ತಂದು ಒಂದೇ ಆಂಪ್ಲಿಫೈಯರಿಗೆ ಸೇರಿಸಿದ. ಯಾರು ಹಾಡಿದರೂ ಎರಡೂ ಕಡೆ ಕೇಳಬೇಕು. ಒಂದು ಸಲ ದನಿ ಕೂಡಿದರೆ ಮನಸ್ಸೂ ಕೂಡೀತು ಎಂಬ ಆಸೆ.

ಬಾವುಟ ಏರಿತು. ತಮ್ಮನ ಕಡೆಯವರು ಮೊದಲ ಸಾಲು ಎತ್ತಿದರು. ಎದುರಿನ ಹಾರ್ನಿನಲ್ಲೂ ಅದೇ ದನಿ. ಕ್ಷಣಹೊತ್ತು ಇಡೀ ಮೈದಾನ ಒಂದೇ ಹಾಡಾಯಿತು. ಮೈಕಣ್ಣನ ಕಣ್ಣು ತುಂಬಿತು. ಅಷ್ಟರಲ್ಲಿ ಅಳಿಯನ ಕಡೆಯವನೊಬ್ಬ ಮೈಕು ಕಸಿದು, "ನಮ್ಮ ಮೈಕಲ್ಲಿ ಅವರ ಗಂಟಲಾ?" ಎಂದು ಕೂಗಿದ. ಅದೂ ಎರಡೂ ಕಡೆ ಮೊಳಗಿತು. ಹಾಡು ಅರ್ಧಕ್ಕೇ ನಿಂತು ಬೈಗುಳ ಶುರುವಾಯಿತು. ಕೊನೆಗೆ ಎರಡೂ ವೇದಿಕೆಯಿಂದ ಇಳಿದವರು ಸೇರಿ ಮೈಕಣ್ಣನನ್ನು ಹಿಗ್ಗಾಮುಗ್ಗಾ ಬಡಿದರು. ಅಂದು ಅವರು ಒಟ್ಟಾಗಿ ಮಾಡಿದ್ದು ಅದೊಂದೇ ಕೆಲಸ.

ಆಸ್ಪತ್ರೆಯ ಮಂಚದ ಆಚೆ ತಮ್ಮ, ಈಚೆ ಅಳಿಯ.

"ಅವರೇ ಹೊಡೆದ್ರು ಅಂತ ಪೊಲೀಸರಿಗೆ ಹೇಳಿಬಿಡಣ್ಣ."

"ಸುಳ್ಳು ಹೇಳ್ಬೇಡಿ ಮಾವ, ಮೊದಲ ಏಟು ಇವರ ಕಡೆಯದು."

ಮೈಕಣ್ಣ ಒಡೆದ ತುಟಿಯಲ್ಲೇ ಹೇಳಿದ: "ಕಣ್ಣು ಮುಚ್ಕೊಂಡಿದ್ದೆ ಕಣ್ರೋ. ಏಟು ಎಲ್ಲಾ ಒಂದೇ ಥರ ಇತ್ತು."

ನರ್ಸಮ್ಮ ಇಬ್ಬರನ್ನೂ ಹೊರಗಟ್ಟಿದಳು. ಆದರೂ ಮಾರನೆಯ ದಿನ ಬ್ಯಾಂಡೇಜು ಸುತ್ತಿದ ಅವನ ಮುಖ ಎರಡೂ ಪಕ್ಷದ ಪೋಸ್ಟರುಗಳಲ್ಲಿತ್ತು.

ಆಮೇಲೆ ಇಬ್ಬರೂ ಸ್ವಂತ ಮೈಕ್‌ಸೆಟ್ಟು ಕೊಂಡರು. ಏಟಿಗೆ ಮೈಕಣ್ಣನ ಎಡಗಿವಿ ಹೋಗಿತ್ತು, ಅಂಗಡಿಯೂ ಮುಚ್ಚಿತು. ಮುಂದಿನ ಸ್ವಾತಂತ್ರ್ಯ ದಿನ ಅಡುಗೆಮನೆಯ ರೇಡಿಯೊದಲ್ಲಿ ರಾಷ್ಟ್ರಗೀತೆ ಬಂದಾಗ ಅವನು ಎದ್ದು ನೆಟ್ಟಗೆ ನಿಂತ. ಮೈದಾನದ ಎರಡು ಗದ್ದಲಗಳೂ ಕಿಟಕಿಯಿಂದ ನುಗ್ಗಿ ರೇಡಿಯೊವನ್ನು ನುಂಗಿಹಾಕಿದವು. ಹಾಡು ಎಲ್ಲಿಗೆ ಬಂತೆಂದೇ ತಿಳಿಯದೆ ನಿಂತೇ ಇದ್ದ. ಹೆಂಡತಿ ಬಲಗಿವಿಯ ಹತ್ತಿರ ಬಾಗಿ ಹೇಳಿದಳು:

"ಆಗ್ಲೇ ಮುಗೀತು. ಕೂತ್ಕೊಳ್ಳಿ."