ಹಿಮಕ್ಕಿಂತ ಮೊದಲು ಹಿಸ್ಟರಿ
ಮೆಲ್ಬರ್ನಿನ ಇಂದ್ರೇಶ್ ಅಂಕಲ್ ಕಾರಿನಲ್ಲಿ ಹಿಮ ನೋಡಲು ಹೊರಟವರು ಹಿಮ ಕಂಡದ್ದು ಕಡಿಮೆ. ಆಲ್ಪೈನ್ ಬೆಟ್ಟಗಳ ಬುಡದ ಒಂದೊಂದು ಊರಿನಲ್ಲೂ ಅವರು ಗಾಡಿ ನಿಲ್ಲಿಸಿ, ಚಿನ್ನ ಅಗೆದವರ ಗುಂಡಿ, ಹಳೇ ಜೈಲು, ಸೂರಿಲ್ಲದ ಕುದುರೆ ಲಾಯ ತೋರಿಸುತ್ತಾರೆ. "ಸ್ನೋ ಎಲ್ಲಿಗೂ ಓಡಿಹೋಗಲ್ಲ, ಮೊದಲು ಹಿಸ್ಟರಿ ಕೇಳಿ," ಎನ್ನುತ್ತಾರೆ. ಅವರು ಮುಗಿಸುವಷ್ಟರಲ್ಲಿ ಹಿಮ ಕರಗಿರುತ್ತದೆ. ಒಂದೂರಿನ ಮ್ಯೂಸಿಯಂ ನೋಡಿಕೊಳ್ಳುವ ಅಜ್ಜಿಗೇ ಇಸವಿ ತಿದ್ದಲು ಹೋಗಿ ಹೊರಗೆ ಹಾಕಿಸಿಕೊಂಡಿದ್ದಾರೆ. ಕಳೆದ ಜುಲೈನ ಚಳಿಗಾಲದಲ್ಲಿ ನನ್ನನ್ನು ಸ್ಮಶಾನಕ್ಕೂ ಎಳೆದೊಯ್ದರು. ಮೂಲೆಯ ಗೋರಿಕಲ್ಲಿನ ಮೇಲೆ 'ಇಂಡಿಯನ್ ವ್ಯಾಪಾರಿ, 1898' ಎಂದಷ್ಟೇ ಇತ್ತು. ಬೆಟ್ಟದ ಮನೆಮನೆಗೆ ಬಟ್ಟೆಗಂಟು ಹೊತ್ತು ಮಾರುತ್ತಿದ್ದವನಂತೆ. "ಹೆಸರೇನು ಅಂಕಲ್?" ಎಂದೆ. "ಹನ್ನೊಂದು ವರ್ಷದಿಂದ ಹುಡುಕ್ತಿದೀನಿ, ಸಿಕ್ಕಿಲ್ಲ," ಎಂದು ಅವರು ಮಂಡಿಯೂರಿ ಕರವಸ್ತ್ರದಿಂದ ಕಲ್ಲಿನ ಪಾಚಿ ಒರೆಸಿದರು. "ಸಿಗೋವರೆಗೂ ನಮ್ಮೋರು ಯಾರಾದ್ರೂ ಬಂದು ಮಾತಾಡಿಸ್ಕೊಂಡು ಹೋಗ್ಲಿ ಅಂತ ನಿಮ್ಮನ್ನೆಲ್ಲ ಕರ್ಕೊಂಡು ಬರ್ತೀನಿ."