ಒಂದು ಗಂಟೆ ಎಂದು ಬರೆದಿಟ್ಟಿದ್ದೆ

"ಮೊದ್ಲನೇದು ಓಗದಿಲ್ಲ ಸಾ. ಎರಡನೇದು ಓಯ್ತದ."

ಹನೂರಿನಾಚೆಯ ಕಾಡಂಚಿನ ಹಳ್ಳಿಯೊಂದರ ಅಕ್ಕ ಈ ಮಾತನ್ನು ನನಗೆ ಐದಾರು ಸಲವಾದರೂ ಹೇಳಿದ್ದರು. ಪ್ರತಿ ಸಲವೂ ನಾನು ಕೊಟ್ಟದ್ದು ಒಂದೇ ಉತ್ತರ: "ಟವರ್ ಪ್ರಾಬ್ಲಮ್ ಅಕ್ಕ." ನನ್ನ ಕೆಲಸದಲ್ಲಿ ಇಷ್ಟು ಸುಲಭದ ಉತ್ತರ ಇನ್ನೊಂದಿಲ್ಲ. ಟವರ್ ಎದುರಿಗೆ ಬಂದು ನಿಂತು, ತಪ್ಪು ನನ್ನದಲ್ಲ ಎಂದು ಯಾವತ್ತೂ ವಾದ ಮಾಡುವುದಿಲ್ಲ.

ನಾನು ಕೊಳ್ಳೇಗಾಲದವನು. ಅಲ್ಲೇ ಒಂದು ಚಾಕಿ ಕೇಂದ್ರಕ್ಕೆ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮೊಟ್ಟೆಯೊಡೆದು ಬಂದ ರೇಷ್ಮೆಯ ಮರಿಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ, ಆಮೇಲೆ ವ್ಯಾನಿನಲ್ಲಿ ರೈತರ ಮನೆಗೆ ತಲುಪಿಸುವ ಜಾಗ ಅದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು, ಪೊರೆ ಕಳಚಲು ಅಲ್ಲಾಡದೆ ಕೂರುವ ಹೊತ್ತು. ರೈತರು ಹತ್ತು ದಿನ ಮುಂಚೆಯೇ ಹುಳು ಬೇಕೆಂದು ತಿಳಿಸಬೇಕು. ತಿಳಿಸದಿದ್ದರೆ ಅವರ ಪಾಲಿನ ಮೊಟ್ಟೆ ಒಡೆಸುವುದೇ ಇಲ್ಲ.

ಮೊದಲೆಲ್ಲ ಇದು ಚೀಟಿಯಲ್ಲಿ ನಡೆಯುತ್ತಿತ್ತು. ಹನೂರು ಕಡೆಯ ಬಸ್ಸಿನ ಕಂಡಕ್ಟರು, ಯಳಂದೂರು ಕಡೆಯ ಆಟೋದವರು, ಮಧುವನಹಳ್ಳಿಯಿಂದ ಪೇಟೆಗೆ ಬಂದ ಯಾರೋ ಒಬ್ಬರು ಚೀಟಿ ತಂದು ಆಫೀಸಿನ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದರು. ಒಂದು ಚೀಟಿಯಾದರೂ ಕಳೆದುಹೋದ ನೆನಪು ಅಲ್ಲಿ ಯಾರಿಗೂ ಇಲ್ಲ. ಆದರೂ ಆ ಮಡಚಿದ, ಬೆವರು ಹತ್ತಿದ ಚೀಟಿಗಳನ್ನು ಕಂಡರೆ ನನಗೆ ಮೈಯುರಿ. ಚೀಟಿ ನಿಲ್ಲಿಸಿಬಿಡಿ ಎಂದು ಕೇಂದ್ರದ ಯಜಮಾನರ ಬೆನ್ನು ಹತ್ತಿ, ಒಂದು ಮೊಬೈಲ್ ಆಪ್ ಮಾಡಿದೆ. ಹಳ್ಳಿಗೊಬ್ಬರನ್ನು ಆರಿಸಿ, ಆಫೀಸಿನಿಂದಲೇ ಒಂದು ಫೋನ್ ಕೊಟ್ಟು, ಬುಕಿಂಗ್ ಮಾಡುವುದನ್ನು ಕಲಿಸಿದೆ. ಕಾಡಂಚಿನ ಆ ಹಳ್ಳಿಗೆ ಆಯ್ಕೆಯಾದವರು ಈ ಅಕ್ಕ. ಅವರೂ ಹುಳು ಮೇಯಿಸುವವರೇ. ಹಳ್ಳಿಯವರು ಅವರ ಜಗಲಿಗೆ ಬಂದು ಕೂತು ತಮ್ಮ ಬುಕಿಂಗ್ ಹೇಳಿ ಹೋಗುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಊರಿನವರು ತನ್ನ ಮಾತನ್ನು ನಂಬಿ ಕೆಲಸ ಒಪ್ಪಿಸಿದ್ದು ಇದೇ ಮೊದಲು ಎಂದು ತರಬೇತಿಯ ದಿನ ನಗುತ್ತಾ ಹೇಳಿದ್ದರು.

ಫೋನಿನ ಬುಕಿಂಗು ನೇರವಾಗಿ ಕೊಳ್ಳೇಗಾಲದ ಸರ್ವರಿಗೆ ಬರುವುದಿಲ್ಲ. ನಡುವೆ ಗೇಟ್‌ವೇ ಎಂಬ ತಂತ್ರಾಂಶವಿದೆ. ಎಲ್ಲೋ ದೂರದ ಬಾಡಿಗೆ ಯಂತ್ರದಲ್ಲಿ ಕೂತು, ಬಂದವರು ಯಾರೆಂದು ನೋಡಿ, ಬುಕಿಂಗನ್ನು ನಮ್ಮ ಸರ್ವರಿಗೆ ದಾಟಿಸುವುದು ಅದರ ಕೆಲಸ. ಪ್ರತಿ ಬುಕಿಂಗಿಗೂ ಹೊಸ ಸಂಪರ್ಕ ಕಟ್ಟಿದರೆ ತಡವಾಗುತ್ತದೆಂದು, ಒಮ್ಮೆ ಕಟ್ಟಿದ್ದನ್ನು ಮುಚ್ಚದೆ ಇಟ್ಟುಕೊಂಡು ಮುಂದಿನವರಿಗೂ ಅದನ್ನೇ ಬಳಸುತ್ತದೆ. ಕೆಲಸವಿಲ್ಲದೆ ಸುಮ್ಮನಿರುವ ಸಂಪರ್ಕವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ನಾವು ಒಂದು ಸಾಲು ಬರೆದು ಹೇಳಬೇಕು. ಅದಕ್ಕೆ ಕೀಪ್-ಅಲೈವ್ ಟೈಮ್‌ಔಟ್ ಎನ್ನುತ್ತೇವೆ. ನಾನು ಒಂದು ಗಂಟೆ ಎಂದು ಬರೆದಿಟ್ಟಿದ್ದೆ. ಯಾಕೆ ಒಂದು ಗಂಟೆ ಎಂದು ಯೋಚಿಸಿರಲಿಲ್ಲ. ಜಾಸ್ತಿ ಇಟ್ಟಷ್ಟೂ ಒಳ್ಳೆಯದು ಅಂದುಕೊಂಡಿದ್ದೆ, ಅಷ್ಟೇ. ಬುಕಿಂಗ್ ಸರಕ್ಕನೆ ಹೋಗುವುದನ್ನು ಯಜಮಾನರಿಗೆ ತೋರಿಸಿ ಬೀಗಿದ್ದೂ ಉಂಟು.

ಆಪ್ ಶುರುವಾದ ಹೊಸತರಲ್ಲಿ ಯಳಂದೂರು ಕಡೆಯ ಹೊನ್ನೂರಿನಲ್ಲಿ ಒಬ್ಬರು ತಾಳ್ಮೆಗೆಟ್ಟು ಎರಡು ಸಲ ಬಟನ್ ಒತ್ತಿಬಿಟ್ಟರು. ಎರಡು ಪಾಲು ಹುಳು ಹೋಯಿತು. ಒಮ್ಮೆ ಕೇಂದ್ರದ ಹೊಸ್ತಿಲು ದಾಟಿದ ಹುಳುವಿನ ತಟ್ಟೆಯನ್ನು ನಮ್ಮವರು ವಾಪಸ್ ಒಳಗೆ ಸೇರಿಸುವುದಿಲ್ಲ. ಯಾವ ಮನೆಯ ಯಾವ ರೋಗ ಅಂಟಿ ಬಂದಿದೆಯೋ ಎಂಬ ಭಯ. ಹೆಚ್ಚಾದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹುಡುಕಿಕೊಂಡು ಹೊನ್ನೂರಿನವರು ನೆರೆಹೊರೆಯ ತೋಟ ತೋಟ ಅಲೆದರು. ಎಷ್ಟು ಸಲ ಒತ್ತಿದರೂ ಒಂದೇ ಎಂದು ಲೆಕ್ಕವಾಗುವ ಹಾಗೆ ಪ್ರತಿ ಬುಕಿಂಗಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅದು ಎರಡು ದಿನದ ಕೆಲಸ. ನಾನು ಅದನ್ನು ಮಾಡುವ ಬದಲು ಒಂದು ಕಟ್ಟಪ್ಪಣೆ ಹೊರಡಿಸಿದೆ: ಒಂದೇ ಸಲ ಒತ್ತಬೇಕು. ಹೋಗಲಿಲ್ಲವೆಂದು ಕೆಂಪಕ್ಷರ ಬಂದರೂ ಮತ್ತೆ ಒತ್ತಬಾರದು. ನನಗೆ ಫೋನ್ ಮಾಡಬೇಕು.

ಬಯಲಿನ ಹಳ್ಳಿಗಳವರು ಬೆಳಿಗ್ಗೆ ಶುರು ಮಾಡಿ ಎರಡೂವರೆಯೊಳಗೆ ಬುಕಿಂಗ್ ಮುಗಿಸುತ್ತಿದ್ದರು. ಅಕ್ಕನ ಜಗಲಿಗೆ ಜನ ಬರುತ್ತಿದ್ದದ್ದು ಮಧ್ಯಾಹ್ನ ಮೂರರ ಮೇಲೆ, ಸೊಪ್ಪಿನ ಕೆಲಸ ಮುಗಿದು ಊಟವಾದ ನಂತರ. ಆ ಹೊತ್ತಿಗೆ ಉಳಿದ ಕಡೆಯಿಂದ ಏನೂ ಬರುವುದಿಲ್ಲ. ಮೊದಲನೆಯದು ಹೋಗುವುದಿಲ್ಲ ಎಂದು ಅವರು ಕಂಡುಕೊಂಡದ್ದು ಆಗಲೇ. ನನ್ನ ಅಪ್ಪಣೆಯನ್ನು ಮೀರದೆ ಅವರು ತಮ್ಮದೇ ಒಂದು ದಾರಿಯನ್ನೂ ಕಂಡುಕೊಂಡಿದ್ದರು. ಆಪ್‌ನಲ್ಲಿ ಹುಳು ಹಂಚುವ ತಾರೀಖಿನ ಪಟ್ಟಿ ನೋಡುವ ಬಟನ್ ಒಂದಿತ್ತು. ಅದನ್ನು ಒತ್ತಿದರೆ ಬುಕಿಂಗ್ ಆಗುವುದಿಲ್ಲ, ಸರ್ವರಿನಿಂದ ಬರೀ ಪಟ್ಟಿ ಬಂದು ಕಾಣುತ್ತದೆ. ಕೇಂದ್ರದಲ್ಲಿ ಎಲ್ಲರನ್ನೂ ಕೂಡಿಸಿದ್ದ ಒಂದು ದಿನ ಅವರು ಎದ್ದು ನಿಂತು ಅದನ್ನೇ ವಿವರಿಸಿದರು.

"ಮೊದ್ಲು ಪಟ್ಟಿ ಒತ್ತಿ ಎಬ್ಬಿಸ್ತೀನಿ ಸಾ. ಅದು ಸುತ್ತಿ ಸುತ್ತಿ ಸುಮ್ನಾಯ್ತದ. ಆಮೇಲ ಬುಕಿಂಗ್ ಒತ್ತುದ್ರ ಒಂದೇ ಏಟ್ಗ ಓಯ್ತದ."

"ಅಲ್ಲಕ್ಕ, ಸರ್ವರ್ ಏನು ಮಧ್ಯಾಹ್ನ ಊಟ ಮಾಡಿ ಮಲಗಿರ್ತದಾ, ನೀವು ತಟ್ಟಿ ಎಬ್ಬಿಸೋಕೆ? ಇನ್ನು ಗಂಟೆ ಬಾರಿಸಿ ಕರ್ಪೂರ ಒಂದು ಹಚ್ಚಿಬಿಡಿ" ಅಂದೆ.

ಎಲ್ಲರೂ ನಕ್ಕರು. ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕು ಕೂತರು. ನಾನು ಅಷ್ಟಕ್ಕೇ ಬಿಡಲಿಲ್ಲ. ಪಟ್ಟಿಯ ಬಟನ್ ಇದ್ದರೆ ತಾನೇ ಈ ಮೂಢನಂಬಿಕೆ ಎಂದು, ಮುಂದಿನ ಸಲ ಆಪ್ ಬದಲಾಯಿಸುವಾಗ ಅದನ್ನು ಕಿತ್ತುಹಾಕಿದೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಯಳಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಮೂರು ದಾಟಿತ್ತು, ಕೊನೆಯ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದೆ. ಎಲೆಯ ಮೇಲೆ ಹೋಳಿಗೆ ಬೀಳುವ ಹೊತ್ತಿಗೆ ಅಕ್ಕನ ಫೋನ್ ಬಂತು. ಎಡಗೈಯಲ್ಲಿ ಎತ್ತಿಕೊಂಡೆ.

"ಸಾ, ನಮ್ ಭಾವಯ್ಯಂದು ನೂರು ಮೊಟ್ಟ. ಒತ್ತುದೆ, ಕೆಂಪಕ್ಸರ ಬಂತು. ಪಟ್ಟಿ ಬಟನ್ನೂ ಕಾಣ್ತಾ ಇಲ್ಲ. ಇನ್ನೊಂದ್ಸಲ ಒತ್ಲಾ?"

ಭಾವ ಎಂದರೆ ಅವರ ಗಂಡನ ಅಣ್ಣ. ಪಕ್ಕದ ಮನೆಯೇ. ನೂರು ಮೊಟ್ಟೆ ಎಂದರೆ ನಮ್ಮ ಲೆಕ್ಕದಲ್ಲಿ ನೂರು ಚಿಟ್ಟೆಗಳು ಇಟ್ಟಷ್ಟು, ನಲವತ್ತು ಸಾವಿರದ ಮೇಲೆ ಹುಳು.

"ಒತ್ತಬೇಡಿ ಅಕ್ಕ. ಹೋಗಿರ್ತದೆ ಬಿಡಿ. ಟವರ್‌ದು."

"ಯಾತುಕ್ಕೂ ಒಂದ್ ಚೀಟಿ ಬರ್ದು ಬಸ್ಸಲ್ಲಿ ಕೊಟ್ ಕಳುಸ್ಲಾ ಸಾ?"

"ಚೀಟಿ ಗೀಟಿ ಏನೂ ಬೇಡ. ಮತ್ತೆ ಎರಡೆರಡು ಆಗೋಯ್ತದೆ."

"ಅಂಗಾದ್ರ ನೀವು ಒಂದ್ಸಲ ನೋಡ್ಬುಡಿ ಸಾ. ಅವ್ರಿಗೆ ಆಯ್ತು ಅಂತ ಯೋಳ್ಬೇಕು."

"ನೋಡ್ತೀನಿ, ಹೇಳಿಬಿಡಿ" ಅಂದೆ. ನೋಡಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಕೊಳ್ಳೇಗಾಲಕ್ಕೆ ಬರುವಾಗ ಬಸ್ಸಿನಲ್ಲಿ ನೆನಪಾಗಿತ್ತು. ಹೋಗಿರುತ್ತದೆ ಎಂದುಕೊಂಡು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ.

ಹುಳು ಹಂಚುವ ದಿನ ವ್ಯಾನು ಆ ಹಳ್ಳಿಗೆ ಹೋಯಿತು. ಭಾವ ಸಾಕಣೆ ಮನೆ ತೊಳೆದು, ಸುಣ್ಣ ಹೊಡೆದು, ತಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿ ಒಣಗಿಸಿ ಕಾದಿದ್ದರಂತೆ. ತೋಟದಲ್ಲಿ ಸೊಪ್ಪು ಹದಕ್ಕೆ ಬಂದು ನಿಂತಿತ್ತು. ವ್ಯಾನಿನಲ್ಲಿ ಅವರ ಹೆಸರಿನ ತಟ್ಟೆ ಒಂದೂ ಇರಲಿಲ್ಲ. ಇನ್ನೊಂದು ಸರದಿಯ ಹುಳು ಬರುವಷ್ಟರಲ್ಲಿ ಸೊಪ್ಪು ಬಲಿತು ಒರಟಾಯಿತು. ಕೊನೆಗೆ ಆಡುಗಳನ್ನು ತೋಟದೊಳಕ್ಕೆ ಬಿಟ್ಟರು.

ವ್ಯಾನು ಬಂದುಹೋದ ಎರಡು ದಿನಕ್ಕೆ ಭಾವ, ಅಕ್ಕ, ಹಳ್ಳಿಯ ನಾಲ್ಕಾರು ಜನ ಕೊಳ್ಳೇಗಾಲದ ಆಫೀಸಿಗೆ ಬಂದರು. ಯಜಮಾನರು ನನ್ನನ್ನು ಕರೆದು, ಆವತ್ತು ಬುಕಿಂಗ್ ಬಂದಿತ್ತಾ ನೋಡು ಅಂದರು. ಎಲ್ಲರೆದುರು ಸರ್ವರಿನ ದಾಖಲೆ ತೆರೆದೆ. ಆ ಮಧ್ಯಾಹ್ನ ಆ ಹಳ್ಳಿಯಿಂದ ಒಂದಕ್ಷರವೂ ಬಂದಿರಲಿಲ್ಲ.

"ಏನೂ ಬಂದಿಲ್ಲ" ಅಂದೆ.

"ನಿಮ್ಗ ಫೋನ್ ಮಾಡಿದ್ನಲ್ಲ ಸಾ" ಅಂದರು ಅಕ್ಕ.

"ಫೋನೇನೋ ಮಾಡಿದ್ರಿ. ಆದ್ರೆ ಬುಕಿಂಗ್ ಬಂದಿಲ್ವಲ್ಲ ಅಕ್ಕ."

ನಾನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಹೋಗಿರುತ್ತದೆ ಬಿಡಿ ಎಂದವನು ನಾನೇ, ಚೀಟಿ ಬೇಡ ಎಂದವನೂ ನಾನೇ ಎಂಬುದನ್ನು ಹೇಳಲಿಲ್ಲ. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಭಾವ ಜೋರು ಮಾಡಲಿಲ್ಲ. ಅಕ್ಕನ ಮುಖ ನೋಡದೆ, ನೆಲ ನೋಡುತ್ತಾ ಹೇಳಿದರು: "ಮರ್ತೋಯ್ತು ಅಂತ ಯೋಳ್ಬುಟ್ಟಿದ್ರ ಆಗೋಗದು ಕಣವ್ವ. ಸುಳ್ಳ್ಯಾಕ?"

ಅಕ್ಕ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಆಫೀಸಿನ ಫೋನನ್ನು ಮೇಜಿನ ಮೇಲಿಟ್ಟು ಅವರು ಹೊರಗೆ ಹೋದರು.

ಮುಂದಿನ ವಾರ ಸತ್ತೇಗಾಲದಿಂದ ಒಬ್ಬರು ಮಧ್ಯಾಹ್ನದ ಹೊತ್ತು ಫೋನ್ ಮಾಡಿ ಅದೇ ಕೆಂಪಕ್ಷರದ ದೂರು ಹೇಳಿದರು. ಟವರ್ ಅವರ ಮನೆಯ ಹಿಂದೆಯೇ ಇದೆ. ಆಗ ಮೊದಲ ಬಾರಿಗೆ ನಾನು ಗೇಟ್‌ವೇಯ ದಾಖಲೆ ತೆಗೆದೆ. ಅಕ್ಕನ ಬುಕಿಂಗ್ ಅಲ್ಲಿತ್ತು. ನೂರು ಮೊಟ್ಟೆ, ಭಾವನ ಹೆಸರು, ತಾರೀಖು, ಎಲ್ಲವೂ ಸರಿಯಾಗಿತ್ತು. ಅದು ಹಳ್ಳಿಯಿಂದ ಹೊರಟು ಗೇಟ್‌ವೇವರೆಗೆ ಬಂದಿತ್ತು. ಅಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ.

ಕಾರಣ ಹುಡುಕಲು ಒಂದು ಬೆಳಗು ಸಾಕಾಯಿತು. ನಮ್ಮ ಆಫೀಸಿನ ರೌಟರ್ ಐದು ನಿಮಿಷ ಸುಮ್ಮನಿದ್ದ ಸಂಪರ್ಕವನ್ನು ಯಾರಿಗೂ ಹೇಳದೆ ಮರೆತುಬಿಡುತ್ತದೆ. ಗೇಟ್‌ವೇಗೆ ನಾನು ಒಂದು ಗಂಟೆ ಇಟ್ಟುಕೋ ಎಂದು ಹೇಳಿದ್ದೆ. ಐದು ನಿಮಿಷದ ಮೇಲೆ ಅದರ ಕೈಯಲ್ಲಿ ಉಳಿಯುತ್ತಿದ್ದದ್ದು ಆ ಕಡೆ ಯಾರೂ ಇಲ್ಲದ ಸಂಪರ್ಕ. ಮೊದಲು ಬಂದ ಬುಕಿಂಗನ್ನು ಅದರೊಳಕ್ಕೆ ಹಾಕಿ, ಅರ್ಧ ನಿಮಿಷ ಕಾದು, ಕೆಂಪಕ್ಷರ ತೋರಿಸಿ, ಆ ಸಂಪರ್ಕವನ್ನು ಬಿಸಾಡುತ್ತಿತ್ತು. ಎರಡನೆಯದಕ್ಕೆ ಹೊಸದು ಕಟ್ಟುತ್ತಿತ್ತು, ಅದು ಹೋಗುತ್ತಿತ್ತು. ಬೆಳಿಗ್ಗೆಯಿಂದ ಎರಡೂವರೆಯವರೆಗೆ ಹಳ್ಳಿಗಳಿಂದ ಒಂದರ ಹಿಂದೆ ಒಂದು ಬುಕಿಂಗ್ ಬರುವಾಗ ಸಂಪರ್ಕ ಸುಮ್ಮನಿರುವುದೇ ಇಲ್ಲ, ತೊಂದರೆಯೂ ಇಲ್ಲ. ಪಟ್ಟಿ ಒತ್ತಿ ಎಬ್ಬಿಸುತ್ತೇನೆ ಎಂದು ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಕೆಟ್ಟ ಸಂಪರ್ಕವನ್ನು ಅವರು ಪಟ್ಟಿಯ ಮೇಲೆ ಕಳೆದು, ಬುಕಿಂಗಿಗೆ ಹೊಸದನ್ನು ಉಳಿಸಿಕೊಳ್ಳುತ್ತಿದ್ದರು. ಆ ದಾರಿಯನ್ನು ಕಿತ್ತುಹಾಕಿದವನು ನಾನು. ಜ್ವರಕ್ಕೆ ಕೂತ ಹುಳು ಸತ್ತಂತೆ ಕಾಣುತ್ತದೆ, ಬದುಕಿರುತ್ತದೆ. ನನ್ನ ಸಂಪರ್ಕ ಬದುಕಿರುವಂತೆ ಕಾಣುತ್ತಿತ್ತು, ಸತ್ತಿತ್ತು.

ಒಂದು ಗಂಟೆಯನ್ನು ಅಳಿಸಿ ನಾಲ್ಕು ನಿಮಿಷ ಎಂದು ಬರೆದೆ. ರೌಟರ್ ಮರೆಯುವ ಮೊದಲೇ ಗೇಟ್‌ವೇ ತಾನಾಗಿ ಮುಚ್ಚಿಬಿಡಲಿ ಎಂದು. ಅದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಯಜಮಾನರಿಗೆ ಹೇಳಿದೆ. "ಸರಿ ಆಯ್ತಲ್ಲ, ಬುಡು. ಈಗ ಯೋಳುದ್ರೆ ಎಲ್ಲಾ ನಮ್ ಮ್ಯಾಲೇ ಬತ್ತದೆ" ಅಂದರು. ನನಗೆ ಬೇಕಾಗಿದ್ದದ್ದೂ ಅದೇ ಮಾತು. ಅವರ ಬೆನ್ನ ಹಿಂದೆ ಅವಿತುಕೊಂಡೆ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಆ ಹಳ್ಳಿಯಿಂದ ಮತ್ತೆ ಬಸ್ಸಿನಲ್ಲಿ ಚೀಟಿ ಬರತೊಡಗಿತು. ಯಾವುದೂ ಅಕ್ಕನ ಕೈಬರಹವಲ್ಲ. ಮೂರು ರೇಷ್ಮೆ ಬೆಳೆ ಕಳೆಯಿತು. ಒಂದು ದಿನ ಆ ಚೀಟಿ ತಂದುಕೊಡುವ ಬಸ್ಸನ್ನೇ ಹತ್ತಿ ಹೋದೆ.

ಅಕ್ಕ ಸಾಕಣೆ ಮನೆಯಲ್ಲಿದ್ದರು. ಹುಳುವಿದ್ದಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹೊಸ್ತಿಲಿಗೆ ಎಳೆದಿದ್ದ ಸುಣ್ಣದ ಪುಡಿಯ ಈಚೆ ನಾನು ನಿಂತೆ, ಆಚೆ ಅವರು.

"ಮೂರ್ನೇ ಜ್ವರಕ್ಕ ಕೂತವ ಸಾ. ಮೆತ್ತುಗ ಮಾತಾಡಿ" ಅಂದರು.

ಮೆತ್ತಗೇ ಎಲ್ಲವನ್ನೂ ಹೇಳಿದೆ. ರೌಟರ್, ಒಂದು ಗಂಟೆ, ನಾನು ತೆಗೆದ ಬಟನ್, ಹೋಳಿಗೆ ಊಟ. ನೀವು ಮೊದಲಿನಿಂದ ಹೇಳಿದ್ದೇ ಸರಿಯಕ್ಕ, ತಪ್ಪೆಲ್ಲ ನಂದು ಅಂದೆ. ಅವರು ಕೈಯಲ್ಲಿದ್ದ ಸುಣ್ಣದ ಬಟ್ಟಲನ್ನು ಕೆಳಗಿಡದೆ ಕೇಳಿಸಿಕೊಂಡರು.

"ಅವತ್ತು ಅಲ್ಲೇ ಅವ್ರ ಮುಂದ ಯೋಳ್ಬೇಕಿತ್ತು ಸಾ."

"ಈಗಲೇ ಹೋಗಿ ನಿಮ್ಮ ಭಾವನವರಿಗೆ ಹೇಳಿಬಿಡ್ತೀನಿ."

"ಬ್ಯಾಡಿ. ಈಗ ಯೋಳುದ್ರ ನಾನೇ ಕರ್ಸಿ ಯೋಳ್ಸ್ತಿವ್ನಿ ಅಂತಾರ. ಅವ್ರು ನನ್ಕುಟ್ಟ ಮಾತು ಬುಟ್ಟು ಆರು ತಿಂಗ್ಳಾಯ್ತು. ಮಕ್ಕಳ್ನಾದ್ರೂ ಈಗೀಗ ಮಾತಾಡುಸ್ತಾವ್ರ. ಅದ್ನ ಕೆಡಿಸ್ಬ್ಯಾಡಿ ಸಾ."

ನನಗೆ ಆಗ ಬೇಕಾಗಿದ್ದದ್ದು ಎದೆಯ ಭಾರ ಇಳಿಸಿಕೊಳ್ಳುವುದು. ಅವರ ಮಾತು ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ. ನೇರ ಪಕ್ಕದ ಮನೆಗೆ ಹೋದೆ. ಭಾವ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು. ಕೂತ್ಕೊಳ್ಳಿ ಎಂದು ಚಾಪೆ ತೋರಿಸಿದರು. ಮೊದಲಿನಿಂದ ಕೊನೆಯವರೆಗೂ ಕೇಳಿದರು. ಕುಡುಗೋಲಿನ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಅದನ್ನು ಪಕ್ಕಕ್ಕಿಟ್ಟರು.

"ಅವ್ಳು ಕರಸಿದ್ಲಾ ಸಾ ನಿಮ್ಮ?"

ಇಲ್ಲ ಎಂದೆ. ಆಣೆ ಮಾಡಿ ಹೇಳಿದೆ. ಅವರು ತಲೆಯಾಡಿಸಿ, ಒಳಗೆ ತಿರುಗಿ ಮಜ್ಜಿಗೆ ತರಲು ಹೇಳಿದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಬಸ್ಸಿಗೆ ಅಕ್ಕನ ಮನೆಯ ಮುಂದೆಯೇ ಹಾದು ಹೋಗಬೇಕು. ಅವರು ಸಾಕಣೆ ಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಆ ಮನೆಯಿಂದ ಬಂದದ್ದನ್ನು ನೋಡಿದರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.