ಬಾಗಿಲಿಲ್ಲದ ಬಸ್ಸು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರ್. ಮಗಳ ಪುಸ್ತಕಗಳಿಗೆಂದು ಮನೆಯಲ್ಲೇ ಬಸ್ಸಿನ ಆಕಾರದ ಮರದ ಕಪಾಟು ಮಾಡಲು ಹೊರಟಾಗ ಹಲಗೆ ಹಿಡಿಯಲು ನನ್ನನ್ನು ಕರೆದರು. ಆಫೀಸಿನಲ್ಲಿ ಕೀಲಿಮಣೆ ಕುಟ್ಟುವ ಕೈಗೆ ಅದಕ್ಕಿಂತ ದೊಡ್ಡ ಕೆಲಸ ಕೊಡುವಷ್ಟು ದಡ್ಡರಲ್ಲ ಅವರು.

ಕಿಟಕಿಗಳಲ್ಲಿ ಪುಸ್ತಕ, ಕೆಳಗೆ ಚಕ್ರ, ಒಂದು ತುದಿಯಲ್ಲಿ ಡ್ರೈವರ್ ಸೀಟು. ಎಲ್ಲ ಸರಿಯಾಗಿದೆ ಎಂದುಕೊಳ್ಳುವಷ್ಟರಲ್ಲಿ ಮಗಳು ಬಂದಳು.

“ಅಪ್ಪಾ, ಬಾಗಿಲೆಲ್ಲಿ?”

“ಇದು ಡ್ರೈವರ್ ಕಡೆ ಕಣಮ್ಮಾ. ಬಾಗಿಲು ಆ ಕಡೆ ಇರುತ್ತೆ.”

“ಆ ಕಡೆ ಗೋಡೆ ಇದೆಯಲ್ಲಾ! ನಾನು ಹತ್ತೋದು ಹೇಗೆ?”

ಭಾವ ನನ್ನ ಮುಖ ನೋಡಿದರು. ನಾನು ಹಲಗೆಯ ಮುಖ ನೋಡಿದೆ. ಬಾಗಿಲಿರುವ ಕಡೆಯನ್ನು ಮಾಡಿದರೆ ಭಾವನ ಸೀಟು ಗೋಡೆಯ ಪಾಲು, ಮಾಡದಿದ್ದರೆ ಮಗಳು ಈ ಕಪಾಟನ್ನು ಮುಟ್ಟುವುದಿಲ್ಲ.

“ಏನೋ ಮಾಡೋದು ಈಗ?”

“ನನ್ನ ಕೇಳ್ತೀರಾ ಭಾವ? ನಾನು ದಿನಾ ಆಫೀಸಿಗೆ ಹೋಗೋಕೇ ತಪ್ಪು ಬಸ್ಸು ಹತ್ತೋನು.”

ಒಳಗಿನಿಂದ ಅಕ್ಕ ನಕ್ಕಳು. “ನಿಂತಿರೋ ಬಸ್ಸಲ್ಲೇ ದಾರಿ ತಪ್ಪಿದ್ರಾ ಇಬ್ಬರೂ?”

ಭಾವ ಸೋತು ಬಾಗಿಲು ಬರೆಯಲು ಪೆನ್ಸಿಲ್ ಹಿಡಿದರು. ಹಿಡಿದವರು ಹಾಗೇ ಕೂತರು. “ಆ ಕಡೆಯಿಂದ ಬಸ್ಸು ಹೇಗೆ ಕಾಣುತ್ತೋ, ನನಗೇ ಗೊತ್ತಿಲ್ಲ ಕಣೋ. ಅಲ್ಲಿ ನಿಂತು ಯಾವತ್ತು ಕಾದಿದ್ದೀನಿ?”

ಮಗಳು ಪೆನ್ಸಿಲ್ ಕಿತ್ತುಕೊಂಡು ಇನ್ನೊಂದು ತುದಿಯಲ್ಲಿ ಬಾಗಿಲು ಬರೆದಳು. ಬಾಗಿಲೊಳಗೆ ಒಂದು ದಪ್ಪ ಮೀಸೆ ಬರೆದಳು.

“ಹತ್ತುವಾಗ ಮೊದಲು ಕಾಣೋದು ನೀನೇ ಅಲ್ವಾ ಅಪ್ಪಾ?”

ಭಾವ ಮೀಸೆ ಸವರಿಕೊಂಡರು. ಎರಡು ತುದಿಯಲ್ಲೂ ಡ್ರೈವರ್ ಇರುವ ಬಸ್ಸು ಈಗ ಯಾವ ದಿಕ್ಕಿಗೆ ಹೊರಟಿದೆಯೆಂದು ತಿಳಿಯದೆ ನಾನು ಹಲಗೆ ಹಿಡಿದೇ ನಿಂತಿದ್ದೆ.